ಕ್ಯಾಮೆರಾ ಕೂತಲ್ಲೇ ಕೂತಿದೆ, ವೈಫೈ ಯಾಕೆ ಓಡಾಡ್ತಿದೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಮನೆಗೆ ಮೆಶ್ ವೈಫೈ (ಅಲ್ಲಲ್ಲಿ ಇಟ್ಟ ಎರಡು ಮೂರು ಯೂನಿಟ್ ಸೇರಿ ಮನೆಗೆಲ್ಲ ಒಂದೇ ವೈಫೈ ಕೊಡೋ ವ್ಯವಸ್ಥೆ) ಹಾಕಿದ ಮೇಲೆ ಸೆಕ್ಯುರಿಟಿ ಕ್ಯಾಮೆರಾ ಆಟ ಆಡ್ತಿದೆ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದೀನಿ. ಶುರು ಮಾಡೋ ಮುಂಚೆ ಒಂದು ಮಾತು, ಮೆಶ್‌ನ ಒಂದೊಂದು ಯೂನಿಟ್‌ಗೂ ನೋಡ್ ಅಂತ ಹೆಸರು, ಆದ್ರೆ ಕನ್ನಡದಲ್ಲಿ "ಆ ನೋಡ್ ನೋಡಿ, ಈ ನೋಡ್ ನೋಡಬೇಡಿ" ಅಂತ ಬರೆಯೋಕೆ ಹೋದ್ರೆ ನಿಮಗೂ ತಲೆ ಕೆಡತ್ತೆ ನನಗೂ ಕೆಡತ್ತೆ, ಅದಕ್ಕೆ ಡಬ್ಬಿ ಅಂತಾನೇ ಬರೀತೀನಿ. ಇಂಟರ್ನೆಟ್ ವೈರು ಬಂದು ಸೇರೋದು ಮೇನ್ ಡಬ್ಬಿ, ಮಿಕ್ಕಿದ್ದೆಲ್ಲ ಮರಿ ಡಬ್ಬಿ.

ಪ್ರಶ್ನೆ: ಒಂದೇ ರೂಟರ್ ಇದ್ದಾಗ ಗೇಟಿನ ಕ್ಯಾಮೆರಾ ಹೇಗೋ ಓಡ್ತಿತ್ತು. ಮೂರು ಯೂನಿಟ್ ಮೆಶ್ ಹಾಕಿದ ಮೇಲೆ ದಿನಕ್ಕೆ ಮೂರ್ನಾಲ್ಕು ಸಲ ಆಫ್‌ಲೈನ್ ಹೋಗತ್ತೆ. ಅದರ ಕೆಳಗೇ ನಿಂತು ಫೋನ್ ನೋಡಿದ್ರೆ ಫುಲ್ ಸಿಗ್ನಲ್. ಕ್ಯಾಮೆರಾನೇ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಫೋನಲ್ಲಿ ಕಾಣೋ ಕಡ್ಡಿಗಳು ಫೋನಿನ ಸಿಗ್ನಲ್, ಕ್ಯಾಮೆರಾದ್ದಲ್ಲ. ನೀವು ಗೇಟಿನ ತನಕ ನಡ್ಕೊಂಡು ಬರೋಷ್ಟರಲ್ಲಿ ಫೋನು ಸದ್ದಿಲ್ದೆ ಹತ್ರದ ಮರಿ ಡಬ್ಬಿಗೆ ದಾಟಿಕೊಂಡಿರತ್ತೆ, ಕ್ಯಾಮೆರಾ ಮಾತ್ರ ಮನೆಯೊಳಗಿನ ಮೇನ್ ಡಬ್ಬಿಯ ಸೆರಗು ಹಿಡ್ಕೊಂಡು ನೇತಾಡ್ತಿರತ್ತೆ. ಯಾವ ಡಬ್ಬಿಗೆ ಅಂಟಿಕೋಬೇಕು ಅನ್ನೋದನ್ನ ಕೊನೆಗೆ ತೀರ್ಮಾನ ಮಾಡೋದು ಮೆಶ್ ಅಲ್ಲ, ಸೇರೋ ಸಾಧನ. ಮೆಶ್ ಬರೀ ಸಲಹೆ ಕೊಡಬಹುದು, ಇಲ್ಲಾಂದ್ರೆ ಕುತ್ತಿಗೆ ಹಿಡಿದು ಆಚೆ ತಳ್ಳಬಹುದು. ಫೋನಿಗೆ ಸಲಹೆ ಅರ್ಥ ಆಗತ್ತೆ, ಕ್ಯಾಮೆರಾದಲ್ಲಿರೋ ಸಣ್ಣ ವೈಫೈ ಚಿಪ್‌ಗೆ ಬಹಳ ಸಲ ಅರ್ಥ ಆಗಲ್ಲ, ಅದಕ್ಕೆ ಗೊತ್ತಿರೋದು ಒಂದೇ, ಒಂದು ಸಲ ಹಿಡಿದಿದ್ದನ್ನ ಬಿಡಬಾರದು ಅಂತ.

ಇದು ಹೇಗೆ ಆಗತ್ತೆ ಅಂತ ಕರೆಂಟ್ ಹೋಗಿ ಬಂದಾಗ ನಿಂತು ನೋಡಿ. ಕ್ಯಾಮೆರಾ ಅರ್ಧ ನಿಮಿಷದಲ್ಲಿ ಎದ್ದು ವೈಫೈ ಹುಡುಕೋಕೆ ಶುರು ಮಾಡತ್ತೆ. ಮರಿ ಡಬ್ಬಿ ಏಳೋದು ನಿಧಾನ, ಯಾಕಂದ್ರೆ ಮೊದಲು ಮೇನ್ ಡಬ್ಬಿ ಎದ್ದು ಕೂರಬೇಕು, ಆಮೇಲೆ ಮರಿ ಅದನ್ನ ಹುಡುಕಿ ಸೇರ್ಕೊಂಡು ತನ್ನ ಸಿಗ್ನಲ್ ಬಿಡಬೇಕು, ಇದಕ್ಕೆ ಎರಡು ಮೂರು ನಿಮಿಷನೂ ಹಿಡಿಯಬಹುದು. ಅಷ್ಟರೊಳಗೆ ಕ್ಯಾಮೆರಾ ಮೂರು ಗೋಡೆ ಆಚೆ ಇರೋ ಮೇನ್ ಡಬ್ಬಿಯ ಕ್ಷೀಣ ಸಿಗ್ನಲ್ಲನ್ನೇ ಹಿಡ್ಕೊಂಡು ಆಗಿಹೋಗಿರತ್ತೆ. ಪಕ್ಕದಲ್ಲೇ ಗಟ್ಟಿ ಸಿಗ್ನಲ್ ಬಂದ್ರೂ ತಿರುಗಿ ನೋಡಲ್ಲ.

ಮೆಶ್ ಆಪ್ ತೆಗೆದು ಕನೆಕ್ಟ್ ಆಗಿರೋ ಸಾಧನಗಳ ಪಟ್ಟಿಯಲ್ಲಿ ಆ ಕ್ಯಾಮೆರಾ ಮುಟ್ಟಿ, ಯಾವ ಡಬ್ಬಿಗೆ ಸೇರಿದೆ, ಸಿಗ್ನಲ್ ಎಷ್ಟು ಅಂತ ತೋರಿಸತ್ತೆ. ಸಂಖ್ಯೆ ಮೈನಸ್‌ನಲ್ಲಿ ಇರತ್ತೆ, ಸಿಗ್ನಲ್ ಶಕ್ತಿ ಅಳೆಯೋ ಡಿಬಿಎಂ ಲೆಕ್ಕ. ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು. -60ರ ಒಳಗಿದ್ರೆ ಚಿಂತೆ ಬೇಡ, -67ರವರೆಗೂ ವಿಡಿಯೋ ಸರಿಯಾಗೇ ಬರತ್ತೆ, -75 ದಾಟಿದ್ರೆ ಇವತ್ತಲ್ಲ ನಾಳೆ ಬೀಳತ್ತೆ. ಹತ್ತು ಅಂಕಿ ವ್ಯತ್ಯಾಸ ಅಂದ್ರೆ ಸಿಗ್ನಲ್ಲಿನ ಶಕ್ತಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ, -65ಕ್ಕೂ -75ಕ್ಕೂ ಅಷ್ಟೊಂದು ದೂರ ಇದೆ. ತಪ್ಪು ಡಬ್ಬಿಗೆ ಸೇರಿದ್ರೆ ಎಲ್ಲಾ ಡಬ್ಬಿಗಳೂ ಪೂರ್ತಿ ಎದ್ದಮೇಲೆ ಕ್ಯಾಮೆರಾದ ಪ್ಲಗ್ ಮಾತ್ರ ತೆಗೆದು ಮತ್ತೆ ಹಾಕಿ, ಬಹಳ ಸಲ ಇಷ್ಟಕ್ಕೇ ಹತ್ರದ ಡಬ್ಬಿ ಹಿಡಿಯತ್ತೆ. ಆಮೇಲೆ ಆಪ್‌ನಲ್ಲಿ ಆ ಸಾಧನವನ್ನ ಇಂಥದೇ ಡಬ್ಬಿಗೆ ಕಟ್ಟಿಹಾಕೋ ಆಯ್ಕೆ ಇದೆಯಾ ನೋಡಿ, ಇದ್ರೆ ಕಟ್ಟಿ, ಇಲ್ಲಾಂದ್ರೆ ಆ ಕ್ಯಾಮೆರಾಕ್ಕೆ ಮಾತ್ರ ರೋಮಿಂಗ್ (ಡಬ್ಬಿಯಿಂದ ಡಬ್ಬಿಗೆ ದಾಟೋದು) ಅಥವಾ ಮೆಶ್ ಅನ್ನೋ ಸ್ವಿಚ್ ಆಫ್ ಮಾಡಿ. ಮೆಶ್ ಮಾಡಿರೋದು ಮನೆ ತುಂಬಾ ಓಡಾಡೋ ಫೋನಿಗೆ, ಲ್ಯಾಪ್‌ಟಾಪಿಗೆ. ಕ್ಯಾಮೆರಾ ಮೊಳೆ ಹೊಡೆದಲ್ಲೇ ಇರೋ ಜೀವ, ಓಡಾಡೋರಿಗೆ ಅಂತ ಇಟ್ಟಿರೋ ಜಾಣತನ ಎಲ್ಲಾ ಅದಕ್ಕೆ ಕಾಟ. ಕೆಳಗಿನ ಉತ್ತರಗಳಲ್ಲೂ ಇದೇ ಮಾತು ಬೇರೆ ಬೇರೆ ವೇಷದಲ್ಲಿ ಬರತ್ತೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಹೊಸ ಕ್ಯಾಮೆರಾ ಮೆಶ್‌ಗೆ ಸೇರೋದೇ ಇಲ್ಲ. ಪಾಸ್‌ವರ್ಡ್ ಇಪ್ಪತ್ತು ಸಲ ಹಾಕಿದೀನಿ. ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿದ್ರೆ ಒಂದೇ ಏಟಿಗೆ ಸೇರತ್ತೆ.

ಉತ್ತರ: ಹಾಟ್‌ಸ್ಪಾಟ್ ಟೆಸ್ಟ್ ಮಾಡಿದ್ದು ಜಾಣತನ, ಅರ್ಧ ಕೆಲಸ ಮುಗೀತು. ಕ್ಯಾಮೆರಾ ಸರಿಯಿದೆ, ಮೆಶ್ ಹೇಳೋ ಭಾಷೆ ಅದಕ್ಕೆ ಬರ್ತಿಲ್ಲ.

ಮೊದಲ ಅನುಮಾನ ಬ್ಯಾಂಡ್ ಮೇಲೆ, ಅಂದ್ರೆ ವೈಫೈ ಓಡೋ ರೇಡಿಯೋ ಪಟ್ಟಿ ಮೇಲೆ. ಬಹುಪಾಲು ಮನೆ ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಜ್ ಮಾತ್ರ ಗೊತ್ತು, ಮೆಶ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇಟ್ಟಿರತ್ತೆ. ಹೆಸರು ಒಂದೇ ಇದ್ರೂ ಸುಮಾರು ಕ್ಯಾಮೆರಾ ಸೇರತ್ತೆ, ಆದ್ರೆ ಸೆಟಪ್ ಮಾಡೋ ಹೊತ್ತಲ್ಲಿ ಫೋನು 5ರಲ್ಲಿ ಕೂತು ಕ್ಯಾಮೆರಾ 2.4ರಲ್ಲಿ ಹುಡುಕ್ತಾ ಇದ್ರೆ ಕೆಲವು ಆಪ್‌ಗಳು ಗೊಂದಲ ಮಾಡ್ಕೊಳ್ತವೆ. ಆಪ್‌ನಲ್ಲಿ ಐಒಟಿ ನೆಟ್‌ವರ್ಕ್ (ಕ್ಯಾಮೆರಾ, ಸ್ಮಾರ್ಟ್ ಬಲ್ಬಿನಂಥ ಸಾಧನಗಳಿಗೆ ಅಂತ ಬೇರೆ ವೈಫೈ) ಅನ್ನೋ ಆಯ್ಕೆ ಇದ್ರೆ 2.4 ಮಾತ್ರ ಇರೋ ಬೇರೆ ಹೆಸರು ಮಾಡಿ ಕ್ಯಾಮೆರಾಗಳನ್ನೆಲ್ಲ ಅದಕ್ಕೇ ಹಾಕಿ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನೆಮ್ಮದಿ. ಎರಡನೇ ಅನುಮಾನ ಸೆಕ್ಯುರಿಟಿ ಮೋಡ್. 2018ರಲ್ಲಿ ಬಂದ ಡಬ್ಲ್ಯೂಪಿಎ3 ಅನ್ನೋ ವೈಫೈ ಬೀಗದ ಪದ್ಧತಿ ಹಳೇ ಚಿಪ್‌ಗಳಿಗೆ ಗೊತ್ತಿಲ್ಲ, 2 ಮತ್ತು 3 ಬೆರೆಸಿರೋ ಮೋಡ್‌ನಲ್ಲೂ ಕೆಲವು ಮುಗ್ಗರಿಸ್ತವೆ. ಕ್ಯಾಮೆರಾ ನೆಟ್‌ವರ್ಕ್‌ಗೆ ಡಬ್ಲ್ಯೂಪಿಎ2 ಎಇಎಸ್ ಅಂತ ಮಾತ್ರ ಇಡಿ. ಮೂರನೇದು ಫಾಸ್ಟ್ ರೋಮಿಂಗ್, ಅಂದ್ರೆ ಡಬ್ಬಿಯಿಂದ ಡಬ್ಬಿಗೆ ಬೇಗ ದಾಟಿಸೋ 802.11ಆರ್. ಇದು ಆನ್ ಇದ್ರೆ ಮೆಶ್ ಬಿಡೋ ಪ್ರಕಟಣೆಯಲ್ಲಿ ಕ್ಯಾಮೆರಾಗೆ ಅರ್ಥ ಆಗದ ಒಂದು ಸಾಲು ಜಾಸ್ತಿ ಇರತ್ತೆ, ಅದನ್ನ ನೋಡಿ ಕೆಲವು ಚಿಪ್‌ಗಳು ಬಾಗಿಲ ಹತ್ರಾನೂ ಬರಲ್ಲ. ಆಫ್ ಮಾಡಿ. ವೈಫೈ 6 ಡಬ್ಬಿ ಆಗಿದ್ರೆ 2.4ರಲ್ಲಿ ಆ ಮೋಡ್ ಆಫ್ ಮಾಡಿ ನೋಡೋದೂ ಒಂದು ದಾರಿ.

ಇನ್ನೊಂದು, ಇದನ್ನ ನೀವು ಪತ್ರದ ಕೊನೇಲಿ ಸುಮ್ನೆ ಹೇಳಿ ಬಿಟ್ಟಿದೀರ, ವೈಫೈಗೆ ಕನ್ನಡದಲ್ಲೇ ಹೆಸರಿಟ್ಟಿದೀನಿ ಅಂತ. ಖುಷಿ ಆಯ್ತು, ಆದ್ರೆ ಅಲ್ಲೊಂದು ಲೆಕ್ಕ ಇದೆ. ವೈಫೈ ಹೆಸರಿಗೆ 32 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತದ ಚಿಹ್ನೆಗೂ 3 ಬೈಟ್ ಬೇಕು. "ನಮ್ಮನೆ" ಅಂತ ಬರೆದ್ರೆ ಕಣ್ಣಿಗೆ ಮೂರೇ ಅಕ್ಷರ, ಒಳಗೆ ನ, ಮ, ಒತ್ತಕ್ಷರ ಮಾಡಿಸೋ ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಮ, ನ, ಎತ್ವ ಅಂತ ಆರು, ಒಟ್ಟು 18 ಬೈಟ್ ಖಾಲಿ. ಫೋನಿಗೆ ಇದೆಲ್ಲ ಸಲೀಸು, ಕ್ಯಾಮೆರಾದ ಆಪ್ ಬರೆದವರು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಬರಬಹುದು ಅಂತ ಯೋಚನೇನೇ ಮಾಡಿರದಿದ್ರೆ ಹೆಸರು ಕಲಸುಮೇಲೋಗರ ಆಗಿ ಕ್ಯಾಮೆರಾ ಇಲ್ಲದ ನೆಟ್‌ವರ್ಕ್ ಹುಡುಕ್ತಾ ಕೂರತ್ತೆ. ನಿಮ್ಮ ಮನೆ ವೈಫೈ ಕನ್ನಡದಲ್ಲೇ ಇರಲಿ, ಕ್ಯಾಮೆರಾಗೆ ಮಾಡೋ ಬೇರೆ ನೆಟ್‌ವರ್ಕ್‌ಗೆ ಮಾತ್ರ ಸ್ಪೇಸ್, ಇಮೋಜಿ ಏನೂ ಇಲ್ಲದ ಸಾದಾ ಇಂಗ್ಲಿಷ್ ಹೆಸರಿಡಿ. ಸೆಟಪ್ ಮಾಡೋವಾಗ ಫೋನಿನ ವಿಪಿಎನ್, ಮೊಬೈಲ್ ಡೇಟಾ ಆಫ್ ಇರಲಿ, ಲೊಕೇಶನ್ ಪರ್ಮಿಶನ್ ಕೊಟ್ಟಿರಿ.

ಪ್ರಶ್ನೆ: ಹಿತ್ತಿಲ ಕ್ಯಾಮೆರಾ ಬೆಳಗ್ಗೆಯಿಂದ ಸಂಜೆವರೆಗೂ ಬಂಗಾರ. ಕತ್ತಲಾಗ್ತಿದ್ದಂಗೆ ಆಫ್‌ಲೈನ್, ಬೆಳಕು ಹರಿದ್ರೆ ಮತ್ತೆ ಸರಿ. ರಾತ್ರಿ ಹೊತ್ತು ಅಕ್ಕಪಕ್ಕದವರ ವೈಫೈ ಜಾಸ್ತಿ ಆಗಿ ಹೀಗಾಗತ್ತಾ?

ಉತ್ತರ: ಅಕ್ಕಪಕ್ಕದವರನ್ನ ಬಿಟ್ಬಿಡಿ ಪಾಪ. ಇದು ವೈಫೈ ಕಾಯಿಲೆನೇ ಅಲ್ಲ, ಕರೆಂಟಿನದು. ನಾನೂ ಇದರಲ್ಲಿ ಮೂರು ವಾರ ಹಾಳು ಮಾಡ್ಕೊಂಡಿದೀನಿ, ಚಾನೆಲ್ ಬದಲಾಯಿಸಿದೆ, ಡಬ್ಬಿ ಜಾಗ ಬದಲಾಯಿಸಿದೆ, ಹೊಸ ಫರ್ಮ್‌ವೇರ್ (ಸಾಧನದ ಒಳಗಿನ ಸಾಫ್ಟ್‌ವೇರ್) ಹಾಕಿದೆ, ಕೊನೆಗೆ ಒಂದು ಸಂಜೆ ಏಣಿ ಹತ್ತಿ ಕ್ಯಾಮೆರಾ ಮುಂದೆ ಮುಖ ಇಟ್ಕೊಂಡು ಕಾದೆ. ಕತ್ತಲು ಕವೀತಿದ್ದಂಗೆ ಒಳಗೆ ಟಿಕ್ ಅಂತ ಸಣ್ಣ ಸದ್ದಾಯ್ತು, ಲೆನ್ಸ್ ಮುಂದಿನ ಫಿಲ್ಟರ್ ಸರಿದಿದ್ದು. ಸುತ್ತ ಇರೋ ಎಲ್‌ಇಡಿಗಳು ಮಂಕಾಗಿ ಕೆಂಪಗೆ ಹೊತ್ಕೊಂಡ್ವು, ಎರಡು ಸೆಕೆಂಡ್, ಎಲ್ಲಾ ಆರಿಹೋಯ್ತು, ಮತ್ತೆ ಸ್ಟಾರ್ಟ್ ಆಗೋ ಲೈಟು ಮಿನುಗೋಕೆ ಶುರು. ಅರ್ಧ ನಿಮಿಷ ಆದ್ಮೇಲೆ ಮತ್ತೆ ಟಿಕ್, ಮತ್ತೆ ಕೆಂಪು, ಮತ್ತೆ ಆಫ್. ರಾತ್ರಿಯೆಲ್ಲ ಅದು ಹೀಗೇ ಸತ್ತು ಹುಟ್ಟಿ ಸತ್ತು ಹುಟ್ಟಿ ಮಾಡ್ತಿತ್ತು, ಆಪ್ ಅದಕ್ಕೆ ಆಫ್‌ಲೈನ್ ಅಂತ ಹೆಸರಿಟ್ಟಿತ್ತು.

ಕಾರಣ ನಾನು ಹಾಕಿದ್ದ ಉದ್ದನೆಯ ತೆಳು ಯುಎಸ್‌ಬಿ ಕೇಬಲ್. ರಾತ್ರಿ ನೋಡೋಕೆ ಇನ್‌ಫ್ರಾರೆಡ್ ಎಲ್‌ಇಡಿ ಹತ್ತಿದಾಗ ಕ್ಯಾಮೆರಾ ಎಳೆಯೋ ಕರೆಂಟು ಎರಡು ಪಟ್ಟು ಆದ್ರೂ ಆಶ್ಚರ್ಯ ಇಲ್ಲ. ತೆಳು ಕೇಬಲ್‌ನಲ್ಲಿ ಸಾಮಾನ್ಯವಾಗಿ ಇರೋ 28 ಗೇಜ್ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. 5 ಮೀಟರ್ ಕೇಬಲ್ ಅಂದ್ರೆ ಹೋಗೋಕೂ ಬರೋಕೂ ಸೇರಿ 10 ಮೀಟರ್ ತಂತಿ, 2.1 ಓಮ್. ಹಗಲು ಕಾಲು ಆಂಪಿಯರ್ ಎಳೆದ್ರೆ ದಾರಿಯಲ್ಲೇ ಅರ್ಧ ವೋಲ್ಟ್ ಸೋರಿ 5ಕ್ಕೆ ನಾಲ್ಕೂವರೆ ತಲುಪತ್ತೆ, ಹೇಗೋ ನಡೆಯತ್ತೆ. ರಾತ್ರಿ ಅರ್ಧ ಆಂಪಿಯರ್ ಆದ್ರೆ ಒಂದು ವೋಲ್ಟ್‌ಗೂ ಜಾಸ್ತಿ ಸೋರಿ 4ಕ್ಕಿಂತ ಕೆಳಗೆ ಬೀಳತ್ತೆ, ಕ್ಯಾಮೆರಾ ಮಲಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ನಾನು ಮೂರು ವಾರ ರೂಟರಿಗೆ ಬರೆ ಹಾಕ್ತಿದ್ದೆ.

ನೀವು ಏಣಿ ಹತ್ತೋದು ಬೇಡ. ಹಗಲಲ್ಲೇ ಆಪ್‌ನಲ್ಲಿ ನೈಟ್ ವಿಷನ್‌ನ ಆಟೋದಿಂದ ಯಾವಾಗಲೂ ಆನ್‌ಗೆ ಹಾಕಿ. ಆಗಲೂ ಬಿತ್ತು ಅಂದ್ರೆ ಕರೆಂಟಿನದೇ ತೊಂದರೆ. ರಾತ್ರಿ ಅದನ್ನ ಆಫ್ ಮಾಡಿ ಕಪ್ಪು ಚಿತ್ರ ಬಂದ್ರೂ ಕನೆಕ್ಷನ್ ನಿಂತ್ರೆ ಅದಕ್ಕೆ ಇನ್ನೊಂದು ಸಾಕ್ಷಿ. ಕ್ಯಾಮೆರಾ ಜೊತೆ ಬಂದ ಅಡಾಪ್ಟರನ್ನೇ ಹಾಕಿ, 5 ವೋಲ್ಟ್ ಕೇಬಲ್ ಗಿಡ್ಡ ಇರಲಿ, ಉದ್ದ ಬೇಕು ಅಂದ್ರೆ ಪ್ಲಗ್ ಪಾಯಿಂಟನ್ನೇ ಮಳೆ ನೀರು ತಾಗದ ಹಾಗೆ ಕ್ಯಾಮೆರಾ ಹತ್ರ ತನ್ನಿ, ಅಥವಾ ಕೇಬಲ್ಲಾದ್ರೂ ದಪ್ಪ ತಂತಿದು ಹಾಕಿ.

ಪ್ರಶ್ನೆ: ಎಲ್ಲಾ ಕ್ಯಾಮೆರಾನೂ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಒಟ್ಟಿಗೆ ಬೀಳ್ತವೆ. ಮೂರು ತಾನೇ ವಾಪಸ್ ಬರ್ತವೆ, ಒಂದು ಬರೋದೇ ಇಲ್ಲ.

ಉತ್ತರ: ಗಡಿಯಾರ ನೋಡ್ಕೊಂಡು ಬೀಳ್ತಿದೆ ಅಂದ್ರೆ ಯಾರೋ ಗಡಿಯಾರ ನೋಡ್ಕೊಂಡೇ ಬೀಳಿಸ್ತಿದಾರೆ. ಮನೆಯವರೆಲ್ಲ ಮಲಗಿರೋ ಹೊತ್ತು ನೋಡಿ ಮೆಶ್ ತಾನೇ ಆಪ್ಟಿಮೈಸ್ ಮಾಡ್ಕೊಳ್ಳತ್ತೆ, ಚಾನೆಲ್ ಬದಲಾಯಿಸತ್ತೆ, ಫರ್ಮ್‌ವೇರ್ ಹಾಕ್ಕೊಂಡು ರೀಬೂಟ್ ಆಗತ್ತೆ. ವಾಪಸ್ ಬರದೇ ಇರೋ ಆ ಒಂದು ಕ್ಯಾಮೆರಾ ಹಳೇ ಚಾನೆಲ್‌ನಲ್ಲೇ ಕಾಯ್ತಾ ಕೂತಿರತ್ತೆ, ಇಲ್ಲಾ ನಾಲ್ಕಾರು ಸಲ ಪ್ರಯತ್ನ ಮಾಡಿ ಕೈಚೆಲ್ಲಿರತ್ತೆ. ಆಟೋ ಆಪ್ಟಿಮೈಸ್ ಆಫ್ ಮಾಡಿ, ರೀಬೂಟ್ ಶೆಡ್ಯೂಲ್ ಇದ್ರೆ ತೆಗೀರಿ, 2.4 ಬ್ಯಾಂಡನ್ನ 1, 6, 11 ಈ ಮೂರರಲ್ಲಿ ಗಲಾಟೆ ಕಮ್ಮಿ ಇರೋ ಒಂದು ಚಾನೆಲ್‌ಗೆ ಕೂರಿಸಿ. ಈ ಮೂರೇ ಯಾಕೆ ಅಂದ್ರೆ ಇವು ಒಂದರ ಮೇಲೊಂದು ಬೀಳಲ್ಲ, 3 ಅಥವಾ 8 ಹಾಕಿದ್ರೆ ಎರಡೂ ಕಡೆಯ ಸದ್ದು ನಿಮ್ಮ ಕಿವಿಗೆ. ಅಗಲ 20 ಮೆಗಾಹರ್ಟ್ಜ್ ಸಾಕು, 40 ಹಾಕೋ ಆಸೆ ಬೇಡ. ಕೆಲವು ಮೆಶ್ ಆಪ್‌ಗಳಲ್ಲಿ ಚಾನೆಲ್ ಆಯ್ಕೆಯನ್ನೇ ಕೊಡಲ್ಲ, ಅದು ನನಗೆ ಸಿಟ್ಟು ತರಿಸೋ ವಿಷಯ, ನಾವು ದುಡ್ಡು ಕೊಟ್ಟು ತಂದ ಡಬ್ಬಿಗೆ ಒಂದು ಚಾನೆಲ್ ಹೇಳೋ ಹಕ್ಕೂ ಇಲ್ಲ ಅಂದ್ರೆ ಹೇಗೆ.

ಕ್ಯಾಮೆರಾ 5 ಗಿಗಾಹರ್ಟ್ಜ್‌ದಾಗಿದ್ರೆ ಇನ್ನೊಂದು ಸಂಗತಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನ ವೈಫೈ ರೇಡಾರ್ ಜೊತೆ ಹಂಚ್ಕೊಳ್ಳತ್ತೆ. ರೇಡಾರ್ ಸದ್ದು ಕೇಳಿದ ತಕ್ಷಣ ಡಬ್ಬಿ ಜಾಗ ಖಾಲಿ ಮಾಡಲೇಬೇಕು, ಅಂಥ ಇನ್ನೊಂದು ಚಾನೆಲ್‌ಗೆ ಹೋಗೋದಾದ್ರೆ ಕಮ್ಮಿ ಅಂದ್ರೂ 60 ಸೆಕೆಂಡ್ ಸುಮ್ನೆ ಕಿವಿಗೊಟ್ಟು ಕೂತು ಆಮೇಲೆ ಮಾತಾಡ್ಬೇಕು. 36ರಿಂದ 48ರ ಒಳಗೆ ಇಟ್ರೆ ಈ ರಗಳೆ ಇಲ್ಲ.

ಪ್ರಶ್ನೆ: ಮನೆ ಹಿಂದಿನ ಶೆಡ್‌ನಲ್ಲಿ ಸಿಗ್ನಲ್ ಇರ್ಲಿಲ್ಲ. ಕ್ಯಾಮೆರಾ ಪಕ್ಕದಲ್ಲೇ ಒಂದು ಯೂನಿಟ್ ಇಟ್ಟೆ. ಈಗ ಕ್ಯಾಮೆರಾದಲ್ಲಿ ಫುಲ್ ಸಿಗ್ನಲ್ ಅಂತ ತೋರಿಸತ್ತೆ, ವಿಡಿಯೋ ಮೊದಲಿಗಿಂತ ಕೆಟ್ಟದಾಗಿ ಬರತ್ತೆ!

ಉತ್ತರ: ಸಿಗ್ನಲ್ ಇಲ್ಲದ ಜಾಗದಲ್ಲಿ ಡಬ್ಬಿ ಇಟ್ರೆ ಡಬ್ಬಿಗೂ ಸಿಗ್ನಲ್ ಇರಲ್ಲವಲ್ಲ. ಕ್ಯಾಮೆರಾ ಡಬ್ಬಿ ಜೊತೆ ಚೆನ್ನಾಗಿ ಮಾತಾಡ್ತಿದೆ, ಡಬ್ಬಿಗೆ ಮನೆ ಕಡೆಯ ಮಾತೇ ಕೇಳಿಸ್ತಿಲ್ಲ. ಅದನ್ನ ಅರ್ಧ ದಾರಿಗೆ ತನ್ನಿ, ಮನೆಯ ಹಿಂಬದಿ ಗೋಡೆಯ ಒಳಗೆ, ಕಿಟಕಿ ಹತ್ರ, ನೆಲದಿಂದ ಎತ್ತರದಲ್ಲಿ. ಗೋಡೆಗಿಂತ ದೊಡ್ಡ ಶತ್ರುಗಳು ಲೋಹ ಮತ್ತು ನೀರು: ತಗಡಿನ ಬಾಗಿಲು, ಫ್ರಿಜ್ಜು, ನೀರಿನ ಟ್ಯಾಂಕು, ಬೀರುವಿನ ಕನ್ನಡಿ. ನಿಮ್ಮ ಶೆಡ್ಡಿಗೆ ತಗಡು ಹೊದಿಸಿದ್ರೆ ಕ್ಯಾಮೆರಾನ ಮನೆ ಕಡೆ ಮುಖ ಮಾಡಿರೋ ಹೊರಗೋಡೆಗೆ ಹಾಕಿ, ಒಳಗಿಂದ ಆಗಲ್ಲ.

ಇನ್ನೊಂದು ಲೆಕ್ಕನೂ ಇದೆ. ಎರಡು ಬ್ಯಾಂಡಿನ ಮೆಶ್‌ನಲ್ಲಿ ಮರಿ ಡಬ್ಬಿ ಕ್ಯಾಮೆರಾದಿಂದ ಕೇಳಿಸ್ಕೊಂಡಿದ್ದನ್ನ ಅದೇ ರೇಡಿಯೋದಲ್ಲಿ ಮತ್ತೆ ಮುಂದಕ್ಕೆ ಹೇಳ್ಬೇಕಾಗಿ ಬಂದ್ರೆ ವೇಗ ಹತ್ರಹತ್ರ ಅರ್ಧ ಆಗತ್ತೆ, ಮಧ್ಯೆ ಇನ್ನೊಂದು ಡಬ್ಬಿ ಇದ್ರೆ ಇನ್ನೂ ಕಮ್ಮಿ. ಮೂರು ಬ್ಯಾಂಡಿನದು ಈ ಕೆಲಸಕ್ಕೆ ಒಂದು ರೇಡಿಯೋ ಎತ್ತಿಟ್ಟಿರತ್ತೆ, ಪರವಾಗಿಲ್ಲ. ಡಬ್ಬಿಗಳ ಮಧ್ಯೆ ಒಂದು ನೆಟ್‌ವರ್ಕ್ ವೈರ್ ಎಳೆಯೋಕೆ ಆದ್ರೆ ಯೋಚನೆ ಮಾಡದೆ ಎಳೀರಿ.

ಪ್ರಶ್ನೆ: ಎಂಟು ಕ್ಯಾಮೆರಾ, ಎಲ್ಲಾ 4ಕೆ. ಇಂಟರ್ನೆಟ್ 300 ಎಂಬಿಪಿಎಸ್ ಇದೆ. ಆದ್ರೂ ಸುತ್ತುತ್ತಾನೇ ಇರತ್ತೆ.

ಉತ್ತರ: 300 ಅನ್ನೋದು ಒಳಗೆ ಬರೋ ವೇಗ ಇರಬೇಕು. ಕ್ಯಾಮೆರಾ ಕಳಿಸೋದು ಹೊರಗೆ. ಅಪ್‌ಲೋಡ್ ಎಷ್ಟಿದೆ ಅಂತ ಒಂದು ಸ್ಪೀಡ್ ಟೆಸ್ಟ್ ಮಾಡಿ, ಕೆಲವು ಕನೆಕ್ಷನ್‌ಗಳಲ್ಲಿ ಅದು ಹತ್ತನೇ ಒಂದು ಪಾಲೂ ಇರಲ್ಲ. 1080ಪಿ ಚಿತ್ರಕ್ಕೆ ಎಚ್.264 ಅನ್ನೋ ಕಂಪ್ರೆಷನ್‌ನಲ್ಲಿ (ವಿಡಿಯೋ ಕುಗ್ಗಿಸೋ ವಿಧಾನ) ಸುಮಾರು 2ರಿಂದ 4 ಎಂಬಿಪಿಎಸ್ ಬೇಕು, 4ಕೆಗೆ 8ರಿಂದ 16. ಎಂಟು ಕ್ಯಾಮೆರಾ ಒಟ್ಟಿಗೆ ಕ್ಲೌಡ್‌ಗೆ ಕಳಿಸಿದ್ರೆ 64ರಿಂದ ಮೇಲೆ, ಅದೂ 24 ಗಂಟೆ. ಅದಕ್ಕೂ ಮೊದಲು ಅಷ್ಟೂ ಗಾಳಿಯಲ್ಲೇ ಹೋಗ್ಬೇಕು, 2.4ರಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡೋಕೆ ಆಗೋದು, ಮಿಕ್ಕವರು ಬಾಯಿ ಮುಚ್ಕೊಂಡು ಕಾಯ್ಬೇಕು. ದೂರದ ಒಂದು ಕ್ಯಾಮೆರಾ ತೊದಲ್ತಾ ತೊದಲ್ತಾ ನಿಧಾನಕ್ಕೆ ಮಾತಾಡಿದ್ರೆ ಮಿಕ್ಕ ಏಳೂ ಅದಕ್ಕಾಗಿ ಕಾಯ್ತವೆ, ಹಾಗಾಗಿ ಬಹಳ ಸಲ ಸರಿ ಮಾಡ್ಬೇಕಾಗಿರೋದು ಸುತ್ತುತ್ತಿರೋ ಕ್ಯಾಮೆರಾನ ಅಲ್ಲ, ಅತ್ಯಂತ ದುರ್ಬಲ ಸಿಗ್ನಲ್ ಇರೋದನ್ನ.

ಕಂಪ್ರೆಷನ್ ಎಚ್.265ಗೆ ಬದಲಾಯಿಸಿ, ಗಾತ್ರ ಹತ್ರಹತ್ರ ಅರ್ಧಕ್ಕೆ ಇಳಿಯತ್ತೆ. ಫ್ರೇಮ್ 15 ಇದ್ರೆ ಧಾರಾಳ, ಮನೆ ಮುಂದೆ ಯಾರೂ ಕ್ರಿಕೆಟ್ ಮ್ಯಾಚ್ ಶೂಟ್ ಮಾಡ್ತಿಲ್ಲ. ಮುಖ ಗುರುತಿಸಬೇಕಾಗಿರೋ ಒಂದೆರಡು ಕಡೆ 4ಕೆ ಇಟ್ಟು ಮಿಕ್ಕಿದ್ದು 1080ಪಿ ಮಾಡಿ. ರೆಕಾರ್ಡಿಂಗ್‌ಗೆ ಮನೇಲೇ ಎನ್‌ವಿಆರ್ (ಕ್ಯಾಮೆರಾಗಳ ವಿಡಿಯೋ ತುಂಬಿಡೋ ಪೆಟ್ಟಿಗೆ) ಇಟ್ಟು ಅದನ್ನ ವೈರಲ್ಲಿ ಮೇನ್ ಡಬ್ಬಿಗೆ ಸೇರಿಸಿ, ವೈಫೈನಲ್ಲಿ ಸೇರಿಸಿದ್ರೆ ಒಂದೇ ವಿಡಿಯೋ ಎರಡು ಸಲ ಗಾಳಿಯಲ್ಲಿ ಹೋಗ್ಬೇಕಾಗತ್ತೆ. ಡಿಸ್ಕ್ ಎಷ್ಟು ಬೇಕು ಅಂತಾನೂ ಕೇಳಿದೀರ: 4 ಎಂಬಿಪಿಎಸ್ ಅಂದ್ರೆ ಗಂಟೆಗೆ 1.8 ಜಿಬಿ, ದಿನಕ್ಕೆ 43 ಜಿಬಿ, ಒಂದು ಕ್ಯಾಮೆರಾಕ್ಕೆ. ಎಷ್ಟು ದಿನ ಬೇಕೋ ಗುಣಿಸ್ಕೊಳ್ಳಿ.

ಪ್ರಶ್ನೆ: ವಿಚಿತ್ರ ಕೇಸು. ಆಫೀಸಲ್ಲಿ ಕೂತು ನೋಡಿದ್ರೆ ಕ್ಯಾಮೆರಾ ಕಾಣತ್ತೆ, ಮನೆಗೆ ಬಂದು ಸೋಫಾ ಮೇಲೆ ಕೂತ್ರೆ ಎನ್‌ವಿಆರ್ ಆಪ್ ಏನೂ ಸಿಗ್ತಿಲ್ಲ ಅನ್ನತ್ತೆ.

ಉತ್ತರ: ನಿಮ್ಮನೇಲಿ ಈಗ ಎರಡು ಮನೆ ಇದೆ. ಇಂಟರ್ನೆಟ್ ಕಂಪನಿಯ ಹಳೇ ರೂಟರ್ ವೈಫೈ ಇನ್ನೂ ಆನ್ ಇದೆ, ಅದರ ಹಿಂದೆ ಮೆಶ್ ಇನ್ನೊಂದು ರೂಟರ್ ಥರ ಕೂತಿದೆ. ಕ್ಯಾಮೆರಾದ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ನೋಡಿ, 192.168.1ರಿಂದ ಶುರುವಾಗಿ ಫೋನಿನದು 192.168.68ರಿಂದ ಶುರುವಾದ್ರೆ ಅದೇ ಕಥೆ. ಹೊರಗಿಂದ ಬಂದಾಗ ಇಬ್ಬರೂ ಕಂಪನಿಯ ಸರ್ವರ್ ಮೂಲಕ ಭೇಟಿ ಆಗ್ತಾರೆ, ಮನೇಲಿದ್ದಾಗ ಆಪ್ ನೇರವಾಗಿ ಅಕ್ಕಪಕ್ಕ ಹುಡುಕತ್ತೆ, ಸಿಗಲ್ಲ. ಮೆಶ್‌ನ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ವೈಫೈ ಕೊಡೋದು) ಹಾಕಿ, ಅಥವಾ ಹಳೇ ರೂಟರನ್ನ ಬ್ರಿಡ್ಜ್ ಮೋಡ್‌ಗೆ (ಇಂಟರ್ನೆಟ್ ಬರೀ ಆ ಕಡೆ ದಾಟಿಸೋದು) ಹಾಕಿ ವೈಫೈ ಆಫ್ ಮಾಡಿ, ಎರಡರಲ್ಲಿ ಒಂದು. ಮೆಶ್‌ನಲ್ಲಿ ಮಕ್ಕಳ ಕಂಟ್ರೋಲ್, ಐಒಟಿ ನೆಟ್‌ವರ್ಕ್ ಇವೆಲ್ಲ ಬೇಕಿದ್ರೆ ಎರಡನೇದೇ ಸರಿ, ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇವುಗಳಲ್ಲಿ ಕೆಲವು ಮಾಯ ಆಗಬಹುದು. ಐಪಿ ಎರಡೂ ಒಂದೇ ಥರ ಇದ್ದೂ ಕಾಣ್ತಿಲ್ಲ ಅಂದ್ರೆ ಕ್ಯಾಮೆರಾ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇದೆಯಾ ನೋಡಿ, ಅಲ್ಲಿ ಒಬ್ಬರನ್ನೊಬ್ಬರು ನೋಡದ ಹಾಗೆ ಗೋಡೆ ಕಟ್ಟಿರತ್ತೆ. ಇದೆಲ್ಲ ಮುಗಿದ ಮೇಲೆ ಪ್ರತಿ ಕ್ಯಾಮೆರಾಕ್ಕೂ ರೂಟರ್‌ನಲ್ಲಿ ಐಪಿ ರಿಸರ್ವ್ ಮಾಡಿ, ಇಲ್ಲಾಂದ್ರೆ ಇನ್ನೊಂದು ಸಲ ಕರೆಂಟ್ ಹೋದಾಗ ವಿಳಾಸ ಬದಲಾಗಿ ಎನ್‌ವಿಆರ್ ಗೇಟಿನ ಕ್ಯಾಮೆರಾ ಅಂದ್ಕೊಂಡು ಟಿವಿ ಬಾಗಿಲು ತಟ್ತಾ ಇರತ್ತೆ.

ಪ್ರಶ್ನೆ: ಬ್ಯಾಟರಿ ಕ್ಯಾಮೆರಾದಲ್ಲಿ ಬರೋರೆಲ್ಲರ ಬೆನ್ನು ಮಾತ್ರ ರೆಕಾರ್ಡ್ ಆಗತ್ತೆ. ಬ್ಯಾಟರಿನೂ ಮೂರು ವಾರಕ್ಕೇ ಖಾಲಿ.

ಉತ್ತರ: ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋ ಜಾತಿ ಅದು. ಬ್ಯಾಟರಿ ಉಳಿಸೋಕೆ ಯಾವಾಗಲೂ ನಿದ್ದೆಯಲ್ಲೇ ಇರತ್ತೆ, ಮೈ ಬಿಸಿಯ ಚಲನೆ ಹಿಡಿಯೋ ಪಿಐಆರ್ ಸೆನ್ಸರ್ ತಟ್ಟಿ ಎಬ್ಬಿಸಿದಾಗ ಏಳತ್ತೆ, ಎದ್ದು ರೆಕಾರ್ಡ್ ಶುರು ಮಾಡೋಷ್ಟರಲ್ಲಿ ಒಂದೆರಡು ಸೆಕೆಂಡ್ ಕಳೆದಿರತ್ತೆ. ಈ ಸೆನ್ಸರ್‌ಗೆ ಅಡ್ಡ ಹಾದುಹೋಗೋರು ಬೇಗ ಕಾಣ್ತಾರೆ, ನೇರ ಎದುರಿಗೆ ನಡ್ಕೊಂಡು ಬರೋರು ತಡವಾಗಿ ಕಾಣ್ತಾರೆ. ಹಾಗಾಗಿ ಕ್ಯಾಮೆರಾನ ದಾರಿಗೆ ನೇರ ಮುಖ ಮಾಡಿ ಹಾಕ್ಬೇಡಿ, ಓರೆಯಾಗಿ ಹಾಕಿ. ಕಿಟಕಿ ಗಾಜಿನ ಒಳಗಿಂದ ಇಟ್ರೆ ಪಿಐಆರ್ ಕೆಲಸಾನೇ ಮಾಡಲ್ಲ, ಮೈ ಬಿಸಿ ಗಾಜು ದಾಟಲ್ಲ. ಬ್ಯಾಟರಿ ವಿಷಯಕ್ಕೆ ಬಂದ್ರೆ ಸಿಗ್ನಲ್ ಎಷ್ಟಿದೆ ನೋಡಿ, ದುರ್ಬಲ ಇದ್ರೆ ಒಂದೇ ಕ್ಲಿಪ್ ಕಳಿಸೋಕೆ ರೇಡಿಯೋ ಹೆಚ್ಚು ಹೊತ್ತು ಎಚ್ಚರ ಇರತ್ತೆ, ಮತ್ತೆ ಮತ್ತೆ ಕಳಿಸತ್ತೆ. ಗಿಡದ ನೆರಳು, ರಸ್ತೆಯ ವಾಹನ ಇವೆಲ್ಲ ಡಿಟೆಕ್ಷನ್ ಜೋನ್ ಒಳಗಿದ್ರೆ ತೆಗೆದುಹಾಕಿ.

ಪ್ರಶ್ನೆ: ರೆಕಾರ್ಡಿಂಗ್‌ನಲ್ಲಿ ಟೈಮ್ ತಪ್ಪು.

ಉತ್ತರ: ಟೈಮ್ ಜೋನ್ ಒಂದು ಸಲ ನೋಡಿ. ಅದು ಸರಿಯಿದ್ರೆ ರೂಟರ್ ಫೈರ್‌ವಾಲ್‌ನಲ್ಲಿ ಇಂಟರ್ನೆಟ್ಟಿಂದ ಟೈಮ್ ತರೋ ಎನ್‌ಟಿಪಿಯನ್ನ ತಡೆದಿರಬಹುದು, ಅದರ ಪೋರ್ಟ್ ಯುಡಿಪಿ 123. ಕ್ಯಾಮೆರಾಗೆ ಇಂಟರ್ನೆಟ್ ಪೂರ್ತಿ ಬಂದ್ ಮಾಡೋರು ಎನ್‌ವಿಆರ್‌ನಿಂದಲೇ ಟೈಮ್ ತಗೊಳ್ಳೋ ಹಾಗೆ ಸೆಟ್ ಮಾಡಿ.

ಪ್ರಶ್ನೆ: ಕ್ಯಾಮೆರಾ ತಾನೇ ತಾನಾಗಿ ತಿರುಗತ್ತೆ. ಯಾರಾದ್ರೂ ಒಳಗೆ ನುಗ್ಗಿದಾರಾ? ಮೆಶ್ ಹಾಕಿದ್ರಿಂದ ಹೀಗಾಯ್ತಾ?

ಉತ್ತರ: ಮೆಶ್‌ಗೂ ಇದಕ್ಕೂ ಸಂಬಂಧ ಇಲ್ಲ. ತಿರುಗೋ ಕ್ಯಾಮೆರಾಗಳಲ್ಲಿ ಮೋಷನ್ ಟ್ರ್ಯಾಕಿಂಗ್ ಆನ್ ಇದ್ರೆ ನೊಣ ಹಾರಿದ್ರೂ ತಿರುಗಬಹುದು, ರೀಬೂಟ್ ಆದಾಗ್ಲೂ ಒಂದು ಸುತ್ತು ಹಾಕತ್ತೆ, ಮೊದಲು ಅದನ್ನ ನೋಡಿ. ಆದ್ರೆ ಅನುಮಾನ ಪಡೋದು ತಪ್ಪಲ್ಲ. 2016ರಲ್ಲಿ ಮಿರಾಯ್ ಅನ್ನೋ ಮಾಲ್ವೇರ್ ಕಂಪನಿ ಹಾಕಿ ಕೊಟ್ಟ ಪಾಸ್‌ವರ್ಡನ್ನೇ ಹಾಗೇ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನ ರಾಶಿರಾಶಿ ಹಿಡ್ಕೊಂಡು, ಅಕ್ಟೋಬರ್ 21ಕ್ಕೆ ಡೈನ್ (Dyn) ಅನ್ನೋ ಡಿಎನ್‌ಎಸ್ ಕಂಪನಿ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿ ಕೊಡೋದು) ಮೇಲೆ ದಾಳಿ ಮಾಡಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಮಲಗಿಸಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾವಲಿಗೆ ಇಟ್ಟಿದ್ದೇ ಕಳ್ಳರ ಸೈನ್ಯ ಸೇರಿತ್ತು. ಕ್ಯಾಮೆರಾ ಆಪ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್, ಎರಡು ಹಂತದ ಲಾಗಿನ್, ಫರ್ಮ್‌ವೇರ್ ಅಪ್‌ಡೇಟ್, ಇವು ಇವತ್ತೇ. ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ತಾವೇ ಹೊರಗಿನ ಬಾಗಿಲು ತೆಗೆಸ್ಕೊಳ್ಳೋ ಸೌಲಭ್ಯ) ಆಫ್. ಕ್ಯಾಮೆರಾದ ವಿಡಿಯೋ ಹರಿಸೋ ಆರ್‌ಟಿಎಸ್‌ಪಿಯ 554 ಪೋರ್ಟನ್ನ ಹೊರಗಿನ ಜಗತ್ತಿಗೆ ತೆರೆದಿಟ್ಟಿದ್ರೆ ಮುಚ್ಚಿ, ಹೊರಗಿಂದ ನೋಡ್ಲೇಬೇಕು ಅಂದ್ರೆ ಮನೆಗೆ ವಿಪಿಎನ್ ಮಾಡ್ಕೊಂಡು ಬನ್ನಿ. ಆಪ್‌ನಲ್ಲಿ ಲಾಗಿನ್ ಆಗಿರೋ ಸಾಧನಗಳ ಪಟ್ಟಿ ತೆಗೆದು ಗೊತ್ತಿಲ್ಲದ್ದನ್ನೆಲ್ಲ ಆಚೆ ಹಾಕಿ, ಹಳೇ ಫೋನ್ ಮಾರಿದೀರ ಅಂದ್ರೆ ಅದು ಇನ್ನೂ ಪಟ್ಟಿಯಲ್ಲಿ ಇರಬಹುದು.

ಪ್ರಶ್ನೆ: ಎಲ್ಲಾ ಸಾಕಾಗಿದೆ. ಫ್ಯಾಕ್ಟರಿ ರೀಸೆಟ್ ಮಾಡಿ ಮೊದಲಿಂದ ಶುರು ಮಾಡ್ಲಾ?

ಉತ್ತರ: ಬೇಡ, ಈಗಲೇ ಬೇಡ. ರೀಸೆಟ್ ಮಾಡಿದ್ರೆ ಎರಡು ದಿನ ಸರಿ ಇರತ್ತೆ, ಯಾಕಂದ್ರೆ ಹೊಸದಾಗಿ ಸೇರೋವಾಗ ಹತ್ರದ ಡಬ್ಬಿಗೇ ಸೇರಿರತ್ತೆ, ಮೂರನೇ ದಿನ ಕರೆಂಟ್ ಹೋಗಿ ಬಂದ್ರೆ ಮತ್ತೆ ಮೊದಲಿನ ಥರಾನೇ, ಅಷ್ಟರಲ್ಲಿ ಸುಳಿವು ಎಲ್ಲಾ ಅಳಿಸಿಹೋಗಿರತ್ತೆ. ಕ್ಯಾಮೆರಾನ ಗೋಡೆಯಿಂದ ಇಳಿಸಿ, ಅದರ ಅಡಾಪ್ಟರ್ ಸಮೇತ ಮೇನ್ ಡಬ್ಬಿಯಿಂದ ಎರಡು ಮೂರು ಮೀಟರ್ ದೂರದಲ್ಲಿ ಇಟ್ಟು ಒಂದು ದಿನ ಓಡಿಸಿ. ಅಲ್ಲೂ ಬಿತ್ತು ಅಂದ್ರೆ ಕ್ಯಾಮೆರಾ, ಅಡಾಪ್ಟರ್ ಅಥವಾ ಸೆಟ್ಟಿಂಗು. ಬೀಳ್ಲಿಲ್ಲ ಅಂದ್ರೆ ಜಾಗದ್ದು, ಇಲ್ಲಾ ಅಲ್ಲಿ ಗೋಡೆಗೆ ಹಾಕಿದ್ದ ಉದ್ದ ಕೇಬಲ್‌ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬಿದ್ದ ಹೊತ್ತು, ಆಗ ಯಾವ ಡಬ್ಬಿ, ಸಿಗ್ನಲ್ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೀತಾ ಹೋಗಿ, ನಾಲ್ಕು ದಿನದ ಚೀಟಿ ನನಗೆ ಕಳಿಸಿದ್ರೂ ಸರಿ. ಇಷ್ಟಾದ್ಮೇಲೂ ಗೇಟಿನ ಹತ್ರ ನಿಲ್ಲಲ್ಲ ಅಂದ್ರೆ ಆ ಒಂದು ಕ್ಯಾಮೆರಾನ ಮಾತ್ರ ಪಿಒಇಗೆ ಬದಲಾಯಿಸಿ, ಒಂದೇ ನೆಟ್‌ವರ್ಕ್ ವೈರಲ್ಲಿ ಕರೆಂಟೂ ಡೇಟಾನೂ 100 ಮೀಟರ್‌ವರೆಗೆ ಹೋಗತ್ತೆ, ಮಿಕ್ಕ ಕ್ಯಾಮೆರಾಗಳು ವೈಫೈನಲ್ಲೇ ಇರಲಿ.